ಸ್ವಂತ ವಾಕ್ಯದಲ್ಲಿ ಬಳಸಿ

ಇಪ್ಪತ್ತೊಂದು ವರ್ಷ ನಾನು ಬೋರ್ಡಿನ ಮೇಲೆ ‘ಈ ಪದಗಳನ್ನು ಸ್ವಂತ ವಾಕ್ಯದಲ್ಲಿ ಬಳಸಿ’ ಎಂದು ಬರೆದು, ಕೈಗೆ ಹತ್ತಿದ ಸೀಮೆಸುಣ್ಣ ಒರೆಸಿಕೊಂಡು, ಕುರ್ಚಿಯಲ್ಲಿ ಆರಾಮಾಗಿ ಕೂತವಳು. ಆ ಹತ್ತು ನಿಮಿಷ ಎದುರಿಗೆ ಕೂತ ಮಕ್ಕಳ ಹೊಟ್ಟೆಯೊಳಗೆ ಏನಾಗುತ್ತಿರುತ್ತದೆ ಎಂದು ಒಂದು ದಿನವೂ ಯೋಚಿಸಿದವಳಲ್ಲ. ನಲವತ್ತಾರು ತುಂಬಿದ ಮೇಲೆ ಅದು ನನಗೇ ಗೊತ್ತಾಯಿತು. ಅದೂ ಇಂಗ್ಲಿಷಿನಲ್ಲಿ.

ನಾನು ಕನ್ನಡ ಟೀಚರ್. ಆರ್.ಟಿ. ನಗರದಲ್ಲಿ ಬಾಡಿಗೆ ಮನೆ. ಶಾಲೆ ತಣಿಸಂದ್ರದ ಆಚೆ, ಸುತ್ತಲೂ ಅಪಾರ್ಟ್‌ಮೆಂಟು ಎದ್ದಿರುವ ಕಡೆ. ಯಜಮಾನರು ಯಶವಂತಪುರದ ಒಂದು ಲಾರಿ ಬುಕಿಂಗ್ ಆಫೀಸಿನಲ್ಲಿದ್ದರು. ಆ ಆಫೀಸು ಮುಚ್ಚಿ ಆರು ತಿಂಗಳಾಗಿತ್ತು. ಮಗಳು ಪಿಯುಸಿ ಓದುತ್ತಿದ್ದಳು. ಮನೆ ನಡೆಯುತ್ತಿದ್ದುದು ನನ್ನ ಸಂಬಳದ ಮೇಲೆ. ನಮ್ಮ ಶಾಲೆಯಲ್ಲಿ ಟೀಚರುಗಳಿಗೆ ಪ್ರತಿ ಏಪ್ರಿಲ್‌ನಲ್ಲಿ ಹೊಸದಾಗಿ ಆರ್ಡರ್ ಕೊಡುತ್ತಾರೆ. ಆರ್ಡರ್ ಬಂದರೆ ಇನ್ನೊಂದು ವರ್ಷ ಕೆಲಸ ಉಂಟು, ಬರದಿದ್ದರೆ ಇಲ್ಲ.

ಆ ಜೂನಿನಲ್ಲಿ ಹೊಸ ಪ್ರಿನ್ಸಿಪಾಲರು ಬಂದರು. ಅವರ ಹಿಂದೆಯೇ ಒಂದು ಹೊಸ ಪದ್ಧತಿಯೂ ಬಂತು. ಪ್ರತಿ ಸೋಮವಾರ ಸ್ಟಾಫ್ ರೂಮಿನ ಬೋರ್ಡಿನಲ್ಲಿ ಐದು ಇಂಗ್ಲಿಷ್ ಪದ. ಶುಕ್ರವಾರ ಬೆಳಿಗ್ಗೆ ಅಸೆಂಬ್ಲಿಯಲ್ಲಿ, ಮಕ್ಕಳೆಲ್ಲ ಸಾಲಾಗಿ ನಿಂತಿರುವಾಗ, ಡಬ್ಬಿಯಿಂದ ಚೀಟಿ ಎತ್ತುತ್ತಾರೆ. ಚೀಟಿಯಲ್ಲಿ ಯಾರ ಹೆಸರು ಬಂತೋ ಆ ಟೀಚರು ಮೈಕಿನ ಮುಂದೆ ಹೋಗಿ, ಆ ಐದರಲ್ಲಿ ಕೇಳಿದ ಪದವನ್ನು ವಾಕ್ಯದಲ್ಲಿ ಬಳಸಬೇಕು. ವಾಕ್ಯ ತಮ್ಮ ಮನೆಯದೋ ಬದುಕಿನದೋ ಆಗಿರಬೇಕು, ಫೋನಿನಿಂದ ಎತ್ತಿದ್ದಾಗಬಾರದು. ಗಣಿತದವರು, ಪಿ.ಟಿ. ಮೇಷ್ಟ್ರು, ಕನ್ನಡದವರು, ಯಾರಿಗೂ ವಿನಾಯಿತಿ ಇಲ್ಲ. ಟೀಚರು ಹೆದರದಿದ್ದರೆ ಮಕ್ಕಳೂ ಹೆದರುವುದಿಲ್ಲ ಎಂಬುದು ಪ್ರಿನ್ಸಿಪಾಲರ ಸಿದ್ಧಾಂತ. ನನ್ನ ಒಳಗನ್ನು ನೋಡಿದ್ದರೆ ಆ ಸಿದ್ಧಾಂತವನ್ನು ಅವರು ಅಲ್ಲೇ ಕೈಬಿಡುತ್ತಿದ್ದರು.

ಇದನ್ನೆಲ್ಲ ನೋಡಿಕೊಳ್ಳಲು ಒಬ್ಬ ಕೋಆರ್ಡಿನೇಟರ್ ಇದ್ದಳು. ನನಗಿಂತ ಹದಿನೈದು ವರ್ಷ ಚಿಕ್ಕವಳು, ಕೆಟ್ಟವಳಲ್ಲ, ಆದರೆ ಕಟ್ಟುನಿಟ್ಟು. ಅವಳ ಫೈಲಿನಲ್ಲಿ ನಮ್ಮ ಹೆಸರುಗಳ ಮುಂದೆ ಹಸಿರು, ಹಳದಿ, ಕೆಂಪು ಸ್ಟಿಕ್ಕರ್ ಬೀಳುತ್ತಿದ್ದವು. ಮೂರು ಕೆಂಪು ಬಿದ್ದವರ ಆರ್ಡರಿನ ಬಗ್ಗೆ ಯೋಚಿಸಬೇಕಾಗುತ್ತದೆ ಎಂದು ಪ್ರಿನ್ಸಿಪಾಲರು ಮೀಟಿಂಗಿನಲ್ಲಿ ನಗುನಗುತ್ತಲೇ ಹೇಳಿದರು. ಮೊದಲ ವಾರವೇ ಡ್ಯಾನ್ಸ್ ಮೇಷ್ಟ್ರು ಪ್ರಜಾಪ್ರಭುತ್ವದ ಬಗ್ಗೆ ಭಾರಿ ವಾಕ್ಯವೊಂದನ್ನು ಒಪ್ಪಿಸಿದರು. ‘ಸರ್, ಇದು ನಿಮ್ಮದೇನಾ?’ ಎಂದು ಅವಳು ಮೆಲ್ಲಗೆ ಕೇಳಿದಳು. ಪಾಪ, ಆ ಮನುಷ್ಯ ಅಷ್ಟು ಜನರ ಮುಂದೆ ತಲೆ ಕೆರೆದುಕೊಂಡು ನಿಂತರು. ಹಾಗಾಗಿ ಫೋನಿನ ದಾರಿ ಮುಚ್ಚಿತು.

ಎರಡನೆಯ ವಾರ ನನ್ನ ಚೀಟಿ ಬಂತು. ಕೇಳಿದ ಪದ ‘ರೋಬಸ್ಟ್’. ನಿಘಂಟಿನಲ್ಲಿ ನೋಡಿಕೊಂಡಿದ್ದೆ: ಗಟ್ಟಿಮುಟ್ಟಾದ. ಮೈಕಿನ ಮುಂದೆ ನಿಂತು, ಬೆಳಿಗ್ಗೆ ತಿಂದ ಇಡ್ಲಿಯೇ ನೆನಪಿಗೆ ಬಂದು, ‘ವಿ ಈಟ್ ಇಡ್ಲಿ ವಿತ್ ರೋಬಸ್ಟ್ ಚಟ್ನಿ’ ಎಂದೆ. ನಮ್ಮಲ್ಲಿ ಹೋಟೆಲಿಗೆ ಹೋದರೆ ಗಟ್ಟಿ ಚಟ್ನಿ ಕೊಡಪ್ಪಾ ಎಂದು ಕೇಳುವುದಿಲ್ಲವೇ? ನನ್ನ ಮಟ್ಟಿಗೆ ಅದರಲ್ಲಿ ಯಾವ ತಪ್ಪೂ ಇರಲಿಲ್ಲ. ಹತ್ತನೆಯ ಕ್ಲಾಸಿನ ಸಾಲಿನಿಂದ ನಗು ಶುರುವಾಗಿ ಒಂದನೆಯ ಕ್ಲಾಸಿನವರೆಗೂ ಬಂತು. ಒಂದನೆಯ ಕ್ಲಾಸಿನವಕ್ಕೆ ಏನೂ ಅರ್ಥವಾಗಿರಲಿಲ್ಲ, ದೊಡ್ಡವರು ನಕ್ಕರೆಂದು ನಕ್ಕವು. ನನಗೆ ಕೆಂಪು ಬಿತ್ತು.

ಆ ದಿನ ಮಧ್ಯಾಹ್ನ ಊಟದ ಹೊತ್ತಿಗೆ ಎಂಟನೆಯ ಕ್ಲಾಸಿನ ಒಬ್ಬ ಹುಡುಗಿ ಕನ್ನಡ ರೂಮಿನ ಬಾಗಿಲಲ್ಲಿ ಬಂದು ನಿಂತಳು. ಹುಣಸಮಾರನಹಳ್ಳಿಯ ಹಳೇ ಮನೆತನದವಳು. ಹೊಲ ಇದ್ದ ಕಡೆಯೆಲ್ಲ ಅವರಪ್ಪ ಈಗ ಬಿಲ್ಡಿಂಗ್ ಕಟ್ಟಿಸುತ್ತಾರೆ. ಹುಡುಗಿ ನರ್ಸರಿಯಿಂದಲೂ ಇಂಗ್ಲಿಷ್ ಶಾಲೆ. ಇಂಗ್ಲಿಷಿನಲ್ಲಿ ಇಡೀ ಶಾಲೆಗೇ ಮುಂದು. ಕನ್ನಡ ಮಾತು ಅರಳು ಹುರಿದ ಹಾಗೆ, ಬರಹ ಮಾತ್ರ ದೇವರಿಗೇ ಪ್ರೀತಿ. ಮುಖದಲ್ಲಿ ನಗು ಕಮ್ಮಿ, ಕಿವಿಯ ಮೇಲೆ ಯಾವಾಗಲೂ ಒಂದು ಪೆನ್ಸಿಲು.

‘ಮಿಸ್, ಚಟ್ನಿಗೆ ಥಿಕ್ ಅಂತಾರೆ,’ ಎಂದಳು.

‘ಗೊತ್ತಾಯ್ತಮ್ಮ, ಈಗ ಗೊತ್ತಾಯ್ತು,’ ಎಂದೆ ಸಿಟ್ಟಿನಲ್ಲಿ.

‘ರೋಬಸ್ಟ್ ಅಂದ್ರೆ ನಮ್ ತಾತ. ಎಂಬತ್ತಾಗೈತೆ, ಈಗ್ಲೂ ಹಸು ಅವ್ರೇ ಕಟ್ಟಾಕ್ತಾರೆ.’

ನನ್ನ ಸಿಟ್ಟು ಇಳಿದುಹೋಯಿತು. ನಿಘಂಟು ಹೇಳದೇ ಇದ್ದುದನ್ನು ಅವಳು ಒಂದೇ ಮಾತಿನಲ್ಲಿ ಹೇಳಿಬಿಟ್ಟಿದ್ದಳು. ನಾನು ಬಾಗಿಲ ಆಚೆ ಯಾರಾದರೂ ಇದ್ದಾರೆಯೇ ನೋಡಿ, ಮುಂದಿನ ವಾರದ ಪದಗಳನ್ನೂ ನಿನಗೆ ತೋರಿಸಲೇ ಎಂದು ಕೇಳಿದೆ. ಆಗಲೇ ನನ್ನ ದನಿ ತಗ್ಗಿತ್ತು. ತಪ್ಪು ಮಾಡುವಾಗ ದನಿ ತಾನಾಗಿಯೇ ತಗ್ಗುತ್ತದೆ.

ಅಂದಿನಿಂದ ಅದೇ ನಮ್ಮ ಕ್ರಮವಾಯಿತು. ಸೋಮವಾರ ನಾನು ಐದು ಪದ ಬರೆದುಕೊಳ್ಳುತ್ತಿದ್ದೆ. ಮಂಗಳವಾರದಿಂದ ಗುರುವಾರದವರೆಗೆ ಅವಳು ಬೇಗಬೇಗ ಊಟದ ಡಬ್ಬಿ ಖಾಲಿ ಮಾಡಿ, ಕೈ ತೊಳೆದು ಬರುತ್ತಿದ್ದಳು. ನಾನು ಬರೆದ ವಾಕ್ಯದ ಪಕ್ಕ ಪೆನ್ಸಿಲಿನಲ್ಲಿ ಸರಿ ಅಥವಾ ತಪ್ಪು ಗುರುತು ಹಾಕುತ್ತಿದ್ದಳು. ಅರ್ಥ ಹೇಳುತ್ತಿರಲಿಲ್ಲ. ಈ ಪದ ಯಾರಿಗೆ ಒಪ್ಪುತ್ತದೆ ಎಂದು ಹೇಳುತ್ತಿದ್ದಳು, ಅಷ್ಟೇ.

‘ಇವೇಡ್ ಅಂದ್ರೆ ನಮ್ಮಪ್ಪ. ಮನೇಲಿ ಉಣ್ತಾ ಕೂತ್ಕಂಡು ಫೋನಲ್ಲಿ ‘ಹೆಬ್ಬಾಳ ಫ್ಲೈಓವರ್ ಮೇಲಿದೀನಿ, ಜಾಮ್ ಆಗೈತೆ’ ಅಂತಾರಲ್ಲ, ಅದು.’

‘ಸ್ಟಬ್ಬರ್ನ್?’

‘ನಮ್ ಕರೀ ಹಸ. ನೀವೂ ಸ್ವಲ್ಪ.’

ನಗು ಬಂದರೂ ಒಳಗೊಳಗೇ ಹೆದರಿಕೆ. ಒಬ್ಬ ಟೀಚರು ತನ್ನ ವಿದ್ಯಾರ್ಥಿನಿಯ ಹತ್ತಿರ ಕದ್ದು ಪಾಠ ಹೇಳಿಸಿಕೊಳ್ಳುತ್ತಿದ್ದಾಳೆ ಎಂದು ಗೊತ್ತಾದರೆ? ‘ಯಾರಿಗೂ ಹೇಳ್ಬೇಡ ಕಣಮ್ಮ,’ ಎಂದು ಮೊದಲ ವಾರವೇ ಹೇಳಿದ್ದೆ. ಅವಳು ಯಾಕೆ ಎಂದು ಕೇಳಲಿಲ್ಲ. ಹದಿಮೂರು ವರ್ಷದ ಮಗುವಿನ ಬಾಯಿಗೆ ಬೀಗ ಹಾಕಿದೆನಲ್ಲ ಎಂಬ ನಾಚಿಕೆ ಆಗಲೇ ಹುಟ್ಟಬೇಕಿತ್ತು. ಹುಟ್ಟಲಿಲ್ಲ, ಭಯ ಅದಕ್ಕಿಂತ ದೊಡ್ಡದಿತ್ತು. ಕಾರಿಡಾರಿನಲ್ಲಿ ಹೆಜ್ಜೆ ಸಪ್ಪಳ ಕೇಳಿದರೆ ನನ್ನ ಇಂಗ್ಲಿಷ್ ನೋಟ್‌ಬುಕ್ಕಿನ ಮೇಲೆ ಕನ್ನಡ ಪಠ್ಯಪುಸ್ತಕ ಎಳೆದುಕೊಳ್ಳುತ್ತಿದ್ದೆ. ಹಿಂದುಳಿದ ಹುಡುಗಿಗೆ ಪಾಠ ಹೇಳುತ್ತಿದ್ದೇನೆಂದುಕೊಂಡು ಕೋಆರ್ಡಿನೇಟರ್ ಬಂದು ‘ರೆಮಿಡಿಯಲ್ ಕ್ಲಾಸಾ ಮಿಸ್?’ ಎಂದು ಒಮ್ಮೆ ಕೇಳಿದಳು. ‘ಹೌದು, ಹೌದು,’ ಎಂದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಎರಡು ಸಲ.

ಗುರುವಾರ ಸಂಜೆ ಬಸ್ಸಿನಲ್ಲಿ ವಾಕ್ಯಗಳನ್ನು ಬಾಯಿಪಾಠ ಮಾಡುತ್ತಿದ್ದೆ. ತುಟಿ ಅಲುಗುವುದನ್ನು ನೋಡಿ ಪಕ್ಕದ ಹೆಂಗಸು ಯಾವ ಸ್ತೋತ್ರಾನಮ್ಮ ಎಂದು ಕೇಳಿದ್ದೂ ಉಂಟು. ಶುಕ್ರವಾರ ಬೆಳಿಗ್ಗೆ ತಿಂಡಿ ಇಳಿಯುತ್ತಿರಲಿಲ್ಲ. ಚೀಟಿ ಎತ್ತಲು ಡಬ್ಬಿಯೊಳಗೆ ಕೈ ಹಾಕುವ ಪುಟ್ಟ ಹುಡುಗಿಯನ್ನೇ ನೋಡುತ್ತ, ನನ್ನ ಚೀಟಿ ತಳದಲ್ಲಿರಲಿ ದೇವರೇ ಎಂದುಕೊಳ್ಳುತ್ತಿದ್ದೆ. ಆದರೂ ತಿಂಗಳಿಗೊಮ್ಮೆ ಬಂದೇ ಬರುತ್ತಿತ್ತು. ಹಸಿರು ಬಿತ್ತು, ಮತ್ತೆ ಹಸಿರು. ಮೂರನೆಯ ಸಲ ಪ್ರಿನ್ಸಿಪಾಲರೇ ಚಪ್ಪಾಳೆ ತಟ್ಟಿದರು. ಎಂಟನೆಯ ಕ್ಲಾಸಿನ ಸಾಲಿನಲ್ಲಿ ಅವಳು ಮಾತ್ರ ಏನೂ ಗೊತ್ತಿಲ್ಲದವಳಂತೆ ಎದುರಿನವಳ ಜಡೆ ನೋಡುತ್ತ ನಿಂತಿದ್ದಳು.

ಒಂದು ಮಾತು ಹೇಳಬೇಕು. ಅಷ್ಟು ದಿನಗಳಲ್ಲಿ ಅವಳು ನನ್ನ ಒಂದು ತಪ್ಪು ವಾಕ್ಯವನ್ನೂ ಸರಿ ಎಂದವಳಲ್ಲ. ಗಂಟೆ ಹೊಡೆಯುವ ಹೊತ್ತಿಗೆ ಸುಸ್ತಾಗಿ, ‘ಇರ್ಲಿ ಬಿಡೆ, ನಡೆಯುತ್ತೆ,’ ಎಂದರೆ, ‘ನಡಿಯಲ್ಲ ಮಿಸ್,’ ಎಂದು ಪೆನ್ಸಿಲ್ ಮತ್ತೆ ನನ್ನ ಕಡೆಗೇ ತಳ್ಳುತ್ತಿದ್ದಳು. ಒಂದೊಂದು ಸಲ ಆ ಹುಡುಗಿಯ ಮೇಲೆ ನನಗೆ ನಿಜವಾಗಿಯೂ ಕೋಪ ಬರುತ್ತಿತ್ತು.

ಸೆಪ್ಟೆಂಬರಿನಲ್ಲಿ ಅರ್ಧವಾರ್ಷಿಕ ಪರೀಕ್ಷೆ ನಡೆಯಿತು. ಎಂಟನೆಯ ಕ್ಲಾಸಿನ ಕನ್ನಡ ಪತ್ರಿಕೆಗಳನ್ನು ದಸರಾ ರಜೆಯಲ್ಲಿ ಮನೆಗೆ ತಂದು ತಿದ್ದುತ್ತಿದ್ದೆ. ನಲವತ್ತಕ್ಕೆ ಹದಿನಾಲ್ಕು ಬಂದರೆ ಪಾಸು. ಅವಳ ಪತ್ರಿಕೆ ಕೂಡಿಸಿದೆ: ಹನ್ನೊಂದು.

ಇನ್ನೊಮ್ಮೆ ಕೂಡಿಸಿದೆ. ಹನ್ನೊಂದೇ.

ಆ ಕ್ಷಣ ನನಗೆ ಮೊದಲು ಬಂದದ್ದು ಮರುಕವಲ್ಲ, ಭಯ. ಫೇಲಾದ ಮಕ್ಕಳ ತಂದೆಯೋ ತಾಯಿಯೋ ಶಾಲೆಗೆ ಬಂದು, ಆ ವಿಷಯದ ಟೀಚರ ಎದುರೇ ಪತ್ರಿಕೆಗೆ ಸಹಿ ಹಾಕಬೇಕೆಂಬುದು ನಮ್ಮ ಶಾಲೆಯ ನಿಯಮ. ಅವರಪ್ಪ ಬರುತ್ತಾರೆ. ಆ ಭಾಗದಲ್ಲಿ ಅವರ ಮಾತಿಗೆ ತೂಕವಿದೆ. ದಿನಾ ಮಧ್ಯಾಹ್ನ ಕನ್ನಡ ರೂಮಿನಲ್ಲಿ ಏನು ಮಾಡುತ್ತಿದ್ದೆ ಎಂದು ಮಗಳನ್ನು ಗದರಿಸಿ ಕೇಳುತ್ತಾರೆ. ಅವಳು ಹೇಳುತ್ತಾಳೆ. ಹೇಳದೆ ಇನ್ನೇನು ಮಾಡುತ್ತಾಳೆ? ಅಲ್ಲಿಗೆ ನನ್ನ ಏಪ್ರಿಲ್ ಆರ್ಡರ್ ಮುಗಿಯಿತು.

ಮರುಕ ಆಮೇಲೆ ಬಂತು. ಮೂರು ತಿಂಗಳು ಆ ಮಗುವಿನ ಊಟದ ಬಿಡುವನ್ನೆಲ್ಲ ನಾನೇ ನುಂಗಿದ್ದೆ. ಕನ್ನಡ ಟೀಚರ ಪಕ್ಕದಲ್ಲೇ ಕೂತು ಅವಳು ಕನ್ನಡದಲ್ಲಿ ಫೇಲಾಗಿದ್ದಳು. ನಿನ್ನ ಕನ್ನಡ ತೋರಿಸು ನೋಡೋಣ ಎಂದು ಒಂದು ದಿನವಾದರೂ ನಾನು ಹೇಳಿರಲಿಲ್ಲ.

ಪತ್ರಿಕೆಯನ್ನು ಮತ್ತೆ ತಿರುವಿದೆ. ಐದು ಪದಗಳನ್ನು ಸ್ವಂತ ವಾಕ್ಯದಲ್ಲಿ ಬಳಸಿ, ಒಂದೊಂದಕ್ಕೆ ಎರಡು ಅಂಕ. ‘ದಿಟ್ಟತನ’ಕ್ಕೆ ಅವಳು ಬರೆದಿದ್ದಳು: ‘ನಮ್ಮ ಹೊಸ ಬಿಲ್ಡಿಂಗಿನ ಗೋಡೆಯಲ್ಲಿ ತುಂಬಾ ದಿಟ್ಟತನ ಇದೆ.’ ‘ಹಂಬಲ’ಕ್ಕೆ: ‘ಮಳೆ ಬಂದು ರಸ್ತೆಯಲ್ಲಿ ಎಲ್ಲರಿಗೂ ಹಂಬಲ ಆಯಿತು.’ ಎರಡಕ್ಕೂ ಸೊನ್ನೆ ಹಾಕಿದ್ದೆ. ಗೋಡೆಯ ವಾಕ್ಯವನ್ನು ನೋಡುತ್ತ ಕೂತೆ. ಗಟ್ಟಿ ಚಟ್ನಿಯ ಅಕ್ಕ ತಂಗಿಯೇ ಸರಿ. ಸೊನ್ನೆಯನ್ನು ಎರಡು ಮಾಡಿದೆ. ಹಂಬಲದ ಸೊನ್ನೆಯನ್ನು ಒಂದು ಮಾಡಿದೆ. ಹದಿನಾಲ್ಕಾಯಿತು. ಅಡುಗೆಮನೆಯಿಂದ ಯಜಮಾನರು ಕಾಫಿ ತಂದುಕೊಟ್ಟು, ‘ಏನು, ಬೆವ್ತಿದೀಯಲ್ಲಾ?’ ಎಂದರು. ಸೆಕೆ ಎಂದೆ. ಫ್ಯಾನು ತಲೆಯ ಮೇಲೇ ತಿರುಗುತ್ತಿತ್ತು.

ರಜೆ ಮುಗಿದ ಮೇಲೆ ಪತ್ರಿಕೆ ಹಂಚಿದೆ. ಅವಳು ಅಂಕ ನೋಡಿಕೊಂಡು, ಮಡಚಿ ಬ್ಯಾಗಿಗೆ ಹಾಕಿಕೊಂಡಳು. ಗಂಡಾಂತರ ಕಳೆಯಿತು ಎಂದುಕೊಂಡೆ. ಮರುದಿನ ಮಧ್ಯಾಹ್ನ ಅದೇ ಪತ್ರಿಕೆ ಹಿಡಿದು ಕನ್ನಡ ರೂಮಿಗೆ ಬಂದಳು.

‘ಮಿಸ್, ತಾತಂಗೆ ತೋರಿಸ್ದೆ. ದಿನಾ ಪೇಪರ್ ಓದ್ತಾರಲ್ಲ, ಅವ್ರಿಗೆ ಕನ್ನಡ ಬರುತ್ತೆ. ಗೋಡೆಗೆ ಎಲ್ಲಿಂದ ಬಂತವ್ವ ದಿಟ್ಟತನ ಅಂತ ನಕ್ಬಿಟ್ರು. ಅದು ತಪ್ಪಂತೆ. ನೀವು ಸರಿ ಆಕಿದೀರ.’

‘ಇರ್ಲಿ ಬಿಡಮ್ಮ, ನೀನು ಏನು ಹೇಳಕ್ಕೆ ಹೊರಟಿದೀಯ ಅಂತ ಅರ್ಥ ಆಗುತ್ತಲ್ಲ.’

‘ನಿಮ್ ಚಟ್ನೀನೂ ಅರ್ಥ ಆಗ್ತಿತ್ತು ಮಿಸ್. ನಾನು ಸರಿ ಅಂದ್ನಾ?’

ಅವಳು ಪತ್ರಿಕೆಯನ್ನು ಮೇಜಿನ ಮೇಲೆ ಹರಡಿ, ಹಂಬಲದ ಮುಂದಿದ್ದ ಒಂದರ ಮೇಲೆ ಬೆರಳಿಟ್ಟಳು. ‘ಇದೂ ತಪ್ಪೇ ಅಂತೆ. ಫಸ್ಟು ಜೀರೋ ಆಕಿ ಆಮೇಲೆ ತಿದ್ದಿದೀರ, ಕಾಣ್ಸುತ್ತೆ. ಇಂಗೆ ಆಕಿದ್ರೆ ನಂಗೆ ಯಾವ್ದು ಸರಿ ಯಾವ್ದು ತಪ್ಪು ಅಂತ ಎಂಗೆ ಗೊತ್ತಾಗೋದು?’

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಾನು ಟೀಚರ ದನಿ ತೆಗೆದು ಗದರಿಸಿ ಕಳಿಸಬಹುದಿತ್ತು. ಅವಳಿಗೆ ನಿಜವಾಗಿಯೂ ಉತ್ತರ ಬೇಕಿತ್ತು. ನನಗೆ ಅಂಥ ನಾಚಿಕೆ ಮೊದಲು ಎಂದೂ ಆಗಿರಲಿಲ್ಲ. ಮೈಕಿನ ಮುಂದೆ ಇಡೀ ಶಾಲೆ ನಕ್ಕಾಗಲೂ ಆಗಿರಲಿಲ್ಲ.

‘ನೀನು ಫೇಲಾಗ್ತೀಯ,’ ಎಂದೆ. ‘ನಿಮ್ಮಪ್ಪ ಬರ್ಬೇಕಾಗುತ್ತೆ.’

ಅವಳ ಮುಖ ಸಣ್ಣಗಾಯಿತು. ಅಲ್ಲಿಯವರೆಗೆ ಅವಳು ಅಷ್ಟು ದೂರ ಯೋಚಿಸಿರಲಿಲ್ಲವೆಂದು ಕಾಣುತ್ತದೆ. ಕಿಟಕಿಯ ಕಡೆ ನೋಡಿ, ‘ಬಯ್ತಾರೆ,’ ಎಂದಳು. ಪತ್ರಿಕೆಯನ್ನು ಮಾತ್ರ ವಾಪಸು ತೆಗೆದುಕೊಳ್ಳಲಿಲ್ಲ. ನಾನು ಕೆಂಪು ಪೆನ್ನು ತೆಗೆದು ಮೂರು ಅಂಕ ಹೊಡೆದುಹಾಕಿ, ಪಕ್ಕದಲ್ಲಿ ಸಹಿ ಮಾಡಿದೆ. ರಿಜಿಸ್ಟರಿನಲ್ಲೂ ತಿದ್ದಿದೆ.

ಅವರಪ್ಪನಿಗೆ ಶನಿವಾರ ಬರುವಂತೆ ಆಫೀಸಿನಿಂದ ಮೆಸೇಜು ಹೋಯಿತು. ಅಲ್ಲಿಂದ ನಾಲ್ಕು ದಿನ ನಾನು ಹೇಗೆ ಕಳೆದೆನೋ ದೇವರಿಗೇ ಗೊತ್ತು. ಊಟದ ಬಿಡುವಿನಲ್ಲಿ ಅವಳು ಎಂದಿನಂತೆ ಬಂದಳು. ‘ಇವತ್ತು ಬೇಡ, ನಂಗೆ ಬೇರೆ ಕೆಲ್ಸ ಇದೆ,’ ಎಂದು ಕಳಿಸಿದೆ. ಮರುದಿನವೂ ಬಂದಳು, ಮರುದಿನವೂ ಕಳಿಸಿದೆ. ಮೂರನೆಯ ದಿನ ಬರಲಿಲ್ಲ. ನಾನು ಮುನಿಸಿಕೊಂಡಿದ್ದೇನೆ ಎಂದು ತಿಳಿದಿರಬೇಕು. ನನಗೆ ಅವಳ ಮುಖ ನೋಡಲಾಗುತ್ತಿರಲಿಲ್ಲ, ಅಷ್ಟೇ. ಮನಸ್ಸಿನೊಳಗೆ ಇನ್ನೊಂದು ಕೊಳಕು ಆಸೆಯೂ ಇತ್ತು: ಅವಳು ಹೆದರಿ ಅಪ್ಪನ ಮುಂದೆ ಬಾಯಿ ಬಿಡದಿರಲಿ. ಇದನ್ನು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ.

ಶನಿವಾರ ಬೆಳಿಗ್ಗೆ ಸ್ಟಾಫ್ ರೂಮಿನಲ್ಲಿ ಪೋಷಕರಿಗೆಂದು ಇಟ್ಟಿದ್ದ ಮೇಜಿನ ಹತ್ತಿರ ಕೂತಿದ್ದೆ. ಪಕ್ಕದ ಮೇಜಿನಲ್ಲಿ ಕೋಆರ್ಡಿನೇಟರ್ ಲ್ಯಾಪ್‌ಟಾಪ್ ತೆರೆದು ಕೆಲಸ ಮಾಡುತ್ತಿದ್ದಳು. ಅವರಪ್ಪ ಬಂದರು. ಇಸ್ತ್ರಿ ಮಾಡಿದ ಬಿಳೀ ಶರ್ಟು, ಕೈಯಲ್ಲಿ ಎರಡು ಫೋನು. ನಾನು ಎದ್ದು ನಿಂತಾಗ ಅವರೂ ಕೂರದೆ ನಿಂತೇ ಇದ್ದರು. ಒರಟು ಮನುಷ್ಯ ಎಂದುಕೊಂಡಿದ್ದೆ, ಅಲ್ಲ. ಮಗಳು ಅವರ ಹಿಂದೆ ನಿಂತು ಶೂ ನೋಡುತ್ತಿದ್ದಳು.

‘ಏನ್ ಮೇಡಂ ಇದು? ನಮ್ ಮನ್ಯಾಗೆ ಮೂರೊತ್ತೂ ಕನ್ನಡವೇ ಆಡೋದು. ಇಂಗ್ಲಿಷಲ್ಲಿ ಮೂವತ್ತೆಂಟು ತಗೊಂಡವ್ಳೆ. ಕನ್ನಡದಾಗೆ ಫೇಲು ಅಂದ್ರೆ ನಾನು ಊರಾಗೆ ಏನಂತ ಯೋಳ್ಲಿ?’

‘ಬರವಣಿಗೆ ಕಮ್ಮಿ ಇದೆ ಸರ್. ಅಭ್ಯಾಸ ಆಗ್ಬೇಕು.’

‘ದಿನಾ ಮಧ್ಯಾಹ್ನ ಕನ್ನಡ ರೂಮಲ್ಲೇ ಇರ್ತೀನಿ ಅಂತಾಳಲ್ಲ. ಅಲ್ಲೇನ್ ಕಿಸೀತಿದ್ದೆ?’ ಎಂದು ಮಗಳ ಕಡೆ ತಿರುಗಿದರು.

ಪಕ್ಕದ ಮೇಜಿನಲ್ಲಿ ಲ್ಯಾಪ್‌ಟಾಪಿನ ಕೀಲಿ ಒತ್ತುವ ಸದ್ದು ನಡೆಯುತ್ತಲೇ ಇತ್ತು.

ಅವಳು ತಲೆ ಎತ್ತಲಿಲ್ಲ. ‘ಸುಮ್ನೆ ಕೂತಿರ್ತಿದ್ದೆ,’ ಎಂದಳು.

‘ಸುಮ್ನೆ ಕೂತಿರ್ತಿದ್ಲಂತೆ! ಮೂರ್ ತಿಂಗ್ಳಿಂದ ಸುಮ್ನೆ ಕೂತವ್ಳೆ ನೋಡಿ ಮೇಡಂ. ಎಲ್ಲಾ ಸೌಲಭ್ಯ ಕೊಟ್ಟು ಇವ್ಳಿಗೆ ಸೋಮಾರಿತನ ಕಲ್ಸಿದ್ದಾಯ್ತು.’

ಆ ಹುಡುಗಿಯಷ್ಟು ಸೋಮಾರಿಯಲ್ಲದ ಮಗುವನ್ನು ನಾನು ಇಪ್ಪತ್ತೊಂದು ವರ್ಷದಲ್ಲಿ ಕಂಡಿರಲಿಲ್ಲ. ಅವಳ ಕಿವಿ ಕೆಂಪಾಗಿತ್ತು. ನಾನು ಸುಮ್ಮನಿದ್ದರೆ ಸಾಕಿತ್ತು. ಒಂದು ನಿಮಿಷದಲ್ಲಿ ಅವರು ಸಹಿ ಹಾಕಿ ಹೋಗುತ್ತಿದ್ದರು, ನನ್ನ ಕೆಲಸ ಉಳಿಯುತ್ತಿತ್ತು, ಅವಳು ಮನೆಗೆ ಹೋಗಿ ಇನ್ನಷ್ಟು ಬೈಸಿಕೊಳ್ಳುತ್ತಿದ್ದಳು. ಮನೆ ಬಾಡಿಗೆ ನೆನಪಾಯಿತು. ಮಗಳ ಕಾಲೇಜು ನೆನಪಾಯಿತು. ಬಾಯಿ ತೆರೆದಾಗಲೂ ಏನು ಹೇಳಲಿದ್ದೇನೆಂದು ನನಗೇ ಗೊತ್ತಿರಲಿಲ್ಲ.

‘ಅವ್ಳು ಸುಮ್ನೆ ಕೂತಿರ್ಲಿಲ್ಲ ಸರ್. ನಂಗೆ ಇಂಗ್ಲಿಷ್ ಹೇಳ್ಕೊಡ್ತಿದ್ಲು. ಶುಕ್ರವಾರ ನಾನು ಮೈಕಲ್ಲಿ ಹೇಳೋ ವಾಕ್ಯಗಳನ್ನೆಲ್ಲಾ ಅವ್ಳೇ ತಿದ್ದೋದು. ಯಾರಿಗೂ ಹೇಳ್ಬೇಡ ಅಂತ ನಾನೇ ಹೇಳಿದ್ದೆ.’

ಕೀಲಿಗಳ ಸದ್ದು ನಿಂತಿತು.

ಅವರಪ್ಪ ನನ್ನನ್ನೂ ಮಗಳನ್ನೂ ನೋಡಿದರು. ಮೊದಲು ತಮಾಷೆ ಎಂದುಕೊಂಡರು, ಆಮೇಲೆ ಅಲ್ಲವೆಂದು ತಿಳಿಯಿತು. ‘ಅಂದ್ರೆ, ಟೀಚರ್‌ಗೇ ಪಾಠ ಯೋಳ್ಕೊಡ್ತಿದ್ಲಾ ಇವ್ಳು?’ ಎಂದವರು, ವ್ಯಾಪಾರಸ್ಥರಲ್ಲವೇ, ಒಂದು ಕ್ಷಣ ಯೋಚಿಸಿ ಅರ್ಧ ನಗುತ್ತ ಕೇಳಿದರು: ‘ಅಷ್ಟೆಲ್ಲಾ ಮಾಡಿದ್ಕೆ ಒಂದು ಮೂರ್ ಮಾರ್ಕ್ಸ್ ಕೊಟ್ಟಿದ್ರೆ ನಿಮ್ ಗಂಟೇನು ಓಗ್ತಿತ್ತು ಮೇಡಂ?’

‘ಕೊಟ್ಟಿದ್ದೆ ಸರ್,’ ಎಂದೆ. ‘ಅವ್ಳೇ ವಾಪಸ್ ತಂದ್ಕೊಟ್ಳು.’

ಪತ್ರಿಕೆ ತೆರೆದು ತೋರಿಸಿದೆ. ಸೊನ್ನೆ, ಅದರ ಮೇಲೆ ಎರಡು, ಅದನ್ನು ಹೊಡೆದ ಗೆರೆ, ನನ್ನ ಸಹಿ. ಅವರು ಅದನ್ನು ಬಹಳ ಹೊತ್ತು ನೋಡಿದರು. ಒಂದು ಫೋನು ಹೊಡೆದುಕೊಂಡಿತು, ತೆಗೆಯದೆ ಕತ್ತರಿಸಿದರು. ಮಗಳ ತಲೆಯ ಮೇಲೆ ಕೈಯಿಡಲು ಹೋಗಿ, ಇದು ಶಾಲೆ ಎಂದು ನೆನಪಾಗಿ, ಅವಳ ಬ್ಯಾಗಿನ ಪಟ್ಟಿ ಸರಿಮಾಡಿದರು. ‘ಎಲ್ಲಿ ಆಕ್ಬೇಕು ಸಹಿ?’ ಎಂದು ಕೇಳಿ, ತೋರಿಸಿದ ಕಡೆ ಕನ್ನಡದಲ್ಲಿ ನಿಧಾನವಾಗಿ ಸಹಿ ಹಾಕಿದರು.

ಬಾಗಿಲು ದಾಟುವಾಗ ಅವಳು ಒಮ್ಮೆ ತಿರುಗಿ ನೋಡಿದಳು. ತಪ್ಪು ವಾಕ್ಯ ಕಂಡಾಗ ಗಂಟಿಕ್ಕುವ ಹುಬ್ಬೇ ಗಂಟಿಕ್ಕಿತ್ತು. ಯಾಕೆ ಹೇಳಿದಿರಿ ಎಂದು ಕೇಳುವ ಹಾಗಿತ್ತು.

ಅವರು ಹೋದ ಮೇಲೆ ಕೋಆರ್ಡಿನೇಟರ್ ನನ್ನ ಹತ್ತಿರ ಬಂದಳು. ‘ಮಿಸ್, ನಾನು ಕೇಳಿಸ್ಕೊಂಡೆ. ಪ್ರಿನ್ಸಿಪಾಲ್ ಸರ್‌ಗೆ ನೀವೇ ಹೇಳ್ತೀರಾ, ನಾನು ಹೇಳ್ಲಾ?’ ಎಂದಳು. ಅವಳ ಕಣ್ಣಲ್ಲಿ ನೀರಿದ್ದ ಹಾಗಿತ್ತು, ಆದರೆ ನಿಯಮ ನಿಯಮವೇ. ನಾನೇ ಹೇಳುತ್ತೇನೆ ಎಂದೆ.

ಪ್ರಿನ್ಸಿಪಾಲರು ಕೂಗಾಡಲಿಲ್ಲ. ಇಂಗ್ಲಿಷ್ ಬಾರದಿರುವುದು ತಪ್ಪಲ್ಲ, ಸಹಾಯ ಕೇಳುವುದೂ ತಪ್ಪಲ್ಲ, ಆದರೆ ಒಂದು ಮಗುವಿನ ಊಟದ ಹೊತ್ತನ್ನು ನಿಮ್ಮ ಕೆಲಸ ಉಳಿಸಿಕೊಳ್ಳಲು ಬಳಸಿದಿರಿ, ಅದನ್ನು ಮುಚ್ಚಿಡುವ ಭಾರವನ್ನೂ ಆ ಮಗುವಿನ ಮೇಲೇ ಹೊರಿಸಿದಿರಿ, ಅಂಕವನ್ನೂ ತಿದ್ದಿದಿರಿ ಎಂದರು. ಈ ವರ್ಷ ಪೂರ್ತಿ ಮಾಡಿ, ಮುಂದಿನ ವರ್ಷಕ್ಕೆ ಬೇರೆ ಕಡೆ ನೋಡಿಕೊಳ್ಳಿ ಎಂದರು. ಆ ಸಂಜೆ ಮನೆಗೆ ಹೋಗಿ ಯಜಮಾನರಿಗೆ ಹೇಳಿದೆ. ಅವರು ನನ್ನ ಕೈಯಿಂದ ಬ್ಯಾಗು ತೆಗೆದುಕೊಂಡು ಕೆಳಗಿಟ್ಟರು. ಆಮೇಲೆ, ‘ಆ ಹುಡುಗೀಗೆ ಬೈಗುಳ ತಪ್ತಾ?’ ಎಂದು ಕೇಳಿದರು. ನನಗೆ ಅಳು ಬಂತು.

ಸೋಮವಾರ ಮಧ್ಯಾಹ್ನ ನಾನೇ ಎಂಟನೆಯ ಕ್ಲಾಸಿನ ಬಾಗಿಲಿಗೆ ಹೋಗಿ ಅವಳನ್ನು ಕರೆದೆ. ಕನ್ನಡ ರೂಮಿನ ಬಾಗಿಲನ್ನು ಪೂರ್ತಿ ತೆರೆದಿಟ್ಟು ಕೂತೆವು. ‘ಮೊದ್ಲು ಊಟ ಮುಗ್ಸು,’ ಎಂದೆ. ಅವಳು ಮುದ್ದೆಯ ಡಬ್ಬಿ ತೆರೆದಳು. ತಿಂದಾದ ಮೇಲೆ, ‘ಹಂಬಲ ಅಂದ್ರೆ ಯಾರು ಹೇಳು?’ ಎಂದು ಕೇಳಿದೆ. ಅವಳಿಗೆ ತೋಚಲಿಲ್ಲ. ಅವಳ ಪಾಠದ ಕ್ರಮವನ್ನೇ ಅವಳ ಮೇಲೆ ಪ್ರಯೋಗಿಸಿದೆ: ನಿಮ್ಮ ಊರಿನಲ್ಲಿ ಯಾರಿಗಾದರೂ ಏನಾದರೂ ಬೇಕು ಬೇಕು ಅನ್ನಿಸಿ, ಅದು ಸಿಗದೆ ಅದನ್ನೇ ನೆನೆಸಿಕೊಂಡು ಕೂತಿರುವುದನ್ನು ನೋಡಿದ್ದೀಯಾ? ಅವಳು ಕಿವಿಯ ಮೇಲಿನ ಪೆನ್ಸಿಲು ಕೈಗೆ ತೆಗೆದುಕೊಂಡು ಹೇಳಿದಳು: ‘ನಮ್ಮಜ್ಜಿ. ಬಿಲ್ಡಿಂಗ್ ಆದ್ಮೇಲೂ ಅಲ್ಲಿ ಒಂದ್ ಅವರೆ ಸಾಲು ಆಕ್ಬೇಕು ಅಂತಾರೆ.’ ಅದನ್ನೇ ಬರಿ ಎಂದೆ. ಬರೆದಳು. ಎರಡು ಕಾಗುಣಿತ ತಪ್ಪು, ಪದ ಸರಿ.

ಶುಕ್ರವಾರಗಳು ನಿಲ್ಲಲಿಲ್ಲ. ನನ್ನ ಚೀಟಿಯೂ ಬರುತ್ತಲೇ ಇತ್ತು. ನಾನೊಬ್ಬಳೇ ಕಟ್ಟಿದ ವಾಕ್ಯಗಳನ್ನು ಹೇಳಿದೆ. ಎರಡು ಹಳದಿ, ಒಂದು ಕೆಂಪು ಬಿತ್ತು. ಕಳೆದುಕೊಳ್ಳಲು ಏನೂ ಉಳಿದಿಲ್ಲದ ಮೇಲೂ ಮೈಕಿನ ಹೆದರಿಕೆ ಹೋಗುವುದಿಲ್ಲವೆಂದು ಆಗ ತಿಳಿಯಿತು.

ಮಾರ್ಚಿನಲ್ಲಿ ವಾರ್ಷಿಕ ಪರೀಕ್ಷೆ ಆಯಿತು. ಆ ಶಾಲೆಯಲ್ಲಿ ನಾನು ತಿದ್ದಿದ ಕೊನೆಯ ಕಟ್ಟು ಅದು. ಅವಳ ಪತ್ರಿಕೆಯನ್ನು ಬೇಕೆಂದೇ ಎಲ್ಲದರ ಕೆಳಗೆ ಇಟ್ಟುಕೊಂಡಿದ್ದೆ. ಎಂಬತ್ತಕ್ಕೆ ಇಪ್ಪತ್ತೆಂಟು ಬೇಕು. ಅಡ್ಡಗೆರೆ ಎಳೆದು ಕೂಡಿಸಿದೆ: ಮೂವತ್ತಮೂರು. ನಂಬಿಕೆ ಬರಲಿಲ್ಲ. ನಂಬಿಕೆ ಬರದಿದ್ದುದು ಅವಳ ಮೇಲಲ್ಲ, ನನ್ನ ಮೇಲೆ. ಪ್ರತಿ ಉತ್ತರವನ್ನೂ ಮೊದಲಿನಿಂದ ಓದಿ, ಎಲ್ಲಾದರೂ ಕೈ ಸಡಿಲ ಬಿಟ್ಟಿದ್ದೇನೆಯೇ ಎಂದು ಹುಡುಕಿದೆ. ಒಂದು ಕಡೆ ಅರ್ಧ ಅಂಕ ಹೆಚ್ಚಿತ್ತು, ಕಳೆದೆ. ಮತ್ತೆ ಕೂಡಿಸಿದೆ. ಮೂವತ್ತೆರಡೂವರೆ. ಅದರಲ್ಲಿ ಒಂದು ಅಂಕವೂ ನಾನು ಕೊಟ್ಟಿದ್ದಲ್ಲ.